ದೊಡ್ಡ ಡಿಸ್ಕಿಗೆಂದು ತಂದ ಭಾರದ ಪೆಟ್ಟಿಗೆ

ವಿಜಯನಗರದ ಮನೆಯ ಮುಂದಿನ ಕೋಣೆಯಲ್ಲೇ ನಮ್ಮ ಮದುವೆ ವಿಡಿಯೋ ಕೆಲಸ ನಡೆಯುತ್ತಿತ್ತು. ಶೂಟಿಂಗ್ ನನ್ನ ಗಂಡನದು, ಎಡಿಟಿಂಗ್ ನನ್ನದು. ಕಂಪ್ಯೂಟರ್ ಹಳೆಯದು, ಧಾರೆ ತುಂಬಿಸಿದರೆ ಆರತಕ್ಷತೆಗೆ ಜಾಗ ಉಳಿಯುತ್ತಿರಲಿಲ್ಲ. ದೊಡ್ಡದೊಂದು ಹಾರ್ಡ್ ಡಿಸ್ಕ್ ತಂದು ಜೋಡಿಸಿದೆವು. ಅದು ಗುಂಯ್ ಎಂದು ತಿರುಗಲು ಶುರುಮಾಡಿ ಟಕ್ಕನೆ ನಿಂತುಬಿಡುತ್ತಿತ್ತು.

ರಾಜಾಜಿನಗರದ ಅಂಗಡಿಯವನಿಗೆ ತೋರಿಸಿದೆ.

"ಡಿಸ್ಕ್ ಚೆನ್ನಾಗೇ ಇದೆ ಮೇಡಂ. ನಿಮ್ದು ಹಳೇ ಸಿಸ್ಟಮ್ಮು. ಇಷ್ಟ್ ದೊಡ್ ಡಿಸ್ಕಿಗೆ ಅದು ಪವರ್ ಕೊಡಲ್ಲ. ಎಸ್‌ಎಂಪಿಎಸ್ ಬದಲಾಯ್ಸಿ," ಎಂದು ಕರೆಂಟು ಹಂಚುವ ಹೊಸ ಪೆಟ್ಟಿಗೆಯೊಂದನ್ನು ನನ್ನ ಕೈಗಿಟ್ಟ. "ತೂಕ ನೋಡಿ, ಒರಿಜಿನಲ್ಲು!"

ನಿಜಕ್ಕೂ ಭಾರವಿತ್ತು. ಮನೆಗೆ ತಂದು ಹಾಕಿದ ಮೇಲೆ ಡಿಸ್ಕೂ ತಿರುಗಿತು.

ಕೆಲವು ವಾರ ಕಳೆದಿರಬೇಕು. ಬಿನ್ನಿಪೇಟೆಯವರೊಬ್ಬರ ಮದುವೆ ವಿಡಿಯೋ ಜೋಡಿಸುತ್ತಿದ್ದಾಗ ಸತ್ತ ಇಲಿಯನ್ನು ಸುಟ್ಟಂಥ ನಾತ ಬಂತು. ಪರದೆ ಕಪ್ಪಾಯಿತು. ಡಿಸ್ಕ್ ಮತ್ತೆ ತಿರುಗಲೇ ಇಲ್ಲ. ಗಂಡ ಪೆಟ್ಟಿಗೆಯ ಸ್ಕ್ರೂ ಬಿಚ್ಚಿದರು. ಹೊಳೆಯುವ ತಗಡಿನೊಳಗೆ ಯಾವುದೋ ಗುಜರಿಯ ಬೋರ್ಡು. ವೈರುಗಳ ಸಂದಿಯಲ್ಲಿ ಜಿರಲೆ ರೆಕ್ಕೆ, ಒಡೆದ ಮೊಟ್ಟೆಯ ಚಿಪ್ಪು, ಕೂದಲು ಸಿಕ್ಕಿಕೊಂಡ ಜಿಡ್ಡು. ಮೂಲೆಯಲ್ಲಿ ಕಪ್ಪು ಟೇಪು ಸುತ್ತಿದ ಸಿಮೆಂಟಿನ ಗಟ್ಟಿ, ತೂಕಕ್ಕೆ.

"ಥೂ, ಮುಟ್ಬೇಡ ಕಣೇ," ಎಂದರು. ನಾನು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡೆ.

ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿ ಅಂಗಡಿಯವನ ಮುಂದೆ ಬಿಚ್ಚಿದೆ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಮಾರ್ಕೆಟ್ಟಲ್ಲಿ ಬರೋದೇ ಹಿಂಗೆ ಮೇಡಂ. ಭಾರ ಇಲ್ಲಾಂದ್ರೆ ಜನ ತಗೊಳಲ್ಲ. ಬೇಕಾದ್ರೆ ಇನ್ನೊಂದ್ ಕೊಡ್ತೀನಿ," ಎಂದು ಅದೇ ರಾಶಿಗೆ ಕೈ ಹಾಕಿದ.

ಪಕ್ಕದಲ್ಲಿ ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಅಂಥದ್ದೇ ಪೆಟ್ಟಿಗೆ ಹಿಡಿದು ನಿಂತಿದ್ದರು. "ನೋಡಿ ಸಾರ್, ನೀವು ತಗೊಳ್ತಿರೋದು ಇದೇ," ಎಂದು ತೋರಿಸಿದೆ. ಅವರು ಬಗ್ಗಿ ನೋಡಿ, ಮೂಗು ಮುಚ್ಚಿಕೊಂಡು, ಅಂಗಡಿಯವನ ಕಡೆ ತಿರುಗಿದರು.

"ನಂಗೆ ಬರೀ ಟೈಪಿಂಗ್‌ಗೆ. ನಡೆಯುತ್ತಲ್ವಾ?"

"ಆರಾಮಾಗಿ ಸಾರ್."

ತೆಗೆದುಕೊಂಡು ಹೊರಟೇಬಿಟ್ಟರು. ಅಂಗಡಿಯವನಿಗಿಂತ ಆ ಮನುಷ್ಯನ ಮೇಲೆ ನನಗೆ ಹೆಚ್ಚು ಹೇಸಿಗೆಯಾಯಿತು.

ಪುಣ್ಯಕ್ಕೆ ಮದುವೆಯ ಕ್ಯಾಮರಾ ಟೇಪುಗಳನ್ನು ಅಳಿಸಿರಲಿಲ್ಲ. ಚಂದ್ರಾ ಲೇಔಟಿನಲ್ಲಿ, ಮುಚ್ಚಳ ತೆಗೆದು ತೋರಿಸಲು ಒಪ್ಪಿದ ಅಂಗಡಿಯಿಂದ ಬೇರೆ ಪೆಟ್ಟಿಗೆ, ಬೇರೆ ಡಿಸ್ಕ್ ತಂದು, ಎಲ್ಲವನ್ನೂ ಮೊದಲಿನಿಂದ ತುಂಬಿಸಿದೆವು. ತಡವಾಯಿತೆಂದು ಫೋನ್ ಮಾಡಿದ ಮದುಮಗಳ ತಾಯಿಗೆ ನಡೆದದ್ದನ್ನು ಹೇಳಿದೆ.

"ಸಿಮೆಂಟಾ? ಅವನ ಮುಖಕ್ಕೆ ಎಸೆದು ಬರೋದಲ್ವೇನಮ್ಮಾ!"

ಎಸೆಯಬೇಕೆಂದರೆ ಅದನ್ನು ಮತ್ತೆ ಮುಟ್ಟಬೇಕಿತ್ತು. ನಾನು ಅವನ ಕೌಂಟರಿನ ಮೇಲೆಯೇ ಬಿಟ್ಟು ಬಂದಿದ್ದೆ.