ಮೇಷ್ಟ್ರ ಮಡಚುವ ಮಂಚ

ನಿವೃತ್ತ ಗಣಿತದ ಮೇಷ್ಟ್ರು ಹಳೆಯ ವ್ಯಾನಿನೊಳಗೆ ಮಡಚಿದರೆ ಸೀಟು, ಬಿಡಿಸಿದರೆ ಮಂಚವಾಗುವಂಥದ್ದೊಂದನ್ನು ಕೂರಿಸಲು ಹೊರಟು ಇದು ಮೂರನೆಯ ತಿಂಗಳು. ಯಾರಾದರೂ ಇಣುಕಿದರೆ ಸಾಕು, "ನಲವತ್ತು ವರ್ಷ ರೇಖೆಗೆ ದಪ್ಪ ಇಲ್ಲ ಅಂತ ಪಾಠ ಮಾಡ್ದೆ ನೋಡಿ, ಹಲಗೆಗೂ ಇಲ್ಲ ಅಂದ್ಕೊಂಡ್ಬಿಟ್ಟೆ" ಎಂದು ತಮ್ಮನ್ನೇ ಆಡಿಕೊಳ್ಳುತ್ತಾರೆ. ಹಾಗಾಗಿ ಮೊದಲ ಮಂಚ ಬಿಡಿಸಿದರೆ ವ್ಯಾನಿನ ಹಿಂಬಾಗಿಲು ಮುಚ್ಚಲಿಲ್ಲ. ಎರಡನೆಯದು ಮಡಚಲೇ ಇಲ್ಲ. ಬೋಲ್ಟಿನ ವಿಷಯದಲ್ಲಿ ಮಾತ್ರ ಅವರು ಯಾರ ಮಾತೂ ಕೇಳುವವರಲ್ಲ. ಬ್ರೇಕ್ ಹಾಕಿದಾಗ ಸೀಟು ಕಿತ್ತುಬರಬಾರದೆಂದು ನೆಲದಡಿಗೆ ಕಬ್ಬಿಣದ ಪಟ್ಟಿ ಕೊಟ್ಟು, ಎಂಟು ಬೋಲ್ಟು ಬಿಗಿದು, ದಿನಾ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಒಂದೊಂದರದ್ದೂ ಹಾಜರಿ ತೆಗೆದುಕೊಳ್ಳುತ್ತಾರೆ. "ವ್ಯಾನ್ ಹೋದ್ರೂ ಈ ಸೀಟ್ ಇರುತ್ತೆ ಬಿಡಿ" ಎನ್ನುತ್ತಾರೆ ಹೆಂಡತಿ. ಮೊಣಕಾಲಿನ ಆಪರೇಷನ್ ಆದಮೇಲೆ ಮನೆಯ ಯಾವ ಕುರ್ಚಿಯಿಂದಲೂ ಇನ್ನೊಬ್ಬರ ಕೈ ಹಿಡಿಯದೆ ಏಳಲಾರದ ಆಕೆ, ಮೊನ್ನೆ ಮೂರನೆಯ ಸಲ ಮಾಡಿ ಕೂರಿಸಿದ ಈ ಸೀಟಿನಲ್ಲಿ ಕೂತು ಸಲೀಸಾಗಿ ಎದ್ದುಬಿಟ್ಟರು. "ಇದೊಂದು ಲೆಕ್ಕ ಹೇಗ್ರೀ ಸರಿ ಬಂತು?" ಮೇಷ್ಟ್ರು ತಲೆ ಎತ್ತದೆ ಸ್ಪ್ಯಾನರ್ ಒರೆಸಿದರು. "ಲೆಕ್ಕ ಮಾಡ್ಲಿಲ್ಲ. ನೀನು ಕುರ್ಚೀಲಿ ತೂಕಡಿಸ್ತಿದ್ದಾಗ ನಿನ್ನ ಕಾಲಿಗೇ ಟೇಪ್ ಹಿಡಿದೆ."