ಮಾಲೆಗೆ ಒಂದೂಕಾಲು ಗಂಟೆ

ತಿರುವನಂತಪುರದಿಂದ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ವಿಮಾನದಲ್ಲಿ ಸುಮಾರು ಒಂದೂಕಾಲು ಗಂಟೆ. ಎರ್ನಾಕುಲಂನ ನನ್ನ ಬಾಡಿಗೆ ಮನೆಯಿಂದ ತಿರುವನಂತಪುರದ ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಆರು ಗಂಟೆ. ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆದವಳು ನಾನೇ ಆದ್ದರಿಂದ ಇಂಥ ಲೆಕ್ಕಗಳೆಲ್ಲ ನನ್ನ ಪಾಲಿಗೆ ಬರುತ್ತವೆ. ಅಂದು ನಾನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಒಂದು ಸಹಿಯನ್ನು.

ತಂಗಿ ಮಾಲೆಯಲ್ಲಿ ನರ್ಸ್. ಅವಳ ಚೊಚ್ಚಲ ಹೆರಿಗೆಗೆ ಶಸ್ತ್ರಚಿಕಿತ್ಸೆಯೇ ಆಗಬೇಕೆಂದು ವೈದ್ಯರು ದಿನ, ಸಂಜೆಯ ಹೊತ್ತು ಎರಡನ್ನೂ ಗೊತ್ತುಮಾಡಿದ್ದರು. ಅವಳ ಗಂಡನಿಗೆ ದೂರದ ದ್ವೀಪದಲ್ಲಿ ಕೆಲಸ, ರಜೆ ಮರುದಿನದಿಂದ. ಅಮ್ಮನಿಗೆ ಪಾಸ್‌ಪೋರ್ಟ್ ಇರಲಿಲ್ಲ. "ಒಳಗೆ ಕರ್ಕೊಂಡು ಹೋಗೋವಾಗ ನೀನು ಪಕ್ಕದಲ್ಲಿರ್ಬೇಕು ಕಣಕ್ಕ, ಅಷ್ಟೇ," ಎಂದಿದ್ದಳು. ಇರುತ್ತೇನೆಂದು ಮಾತು ಕೊಟ್ಟಿದ್ದೆ.

ಹೆರಿಗೆಯ ಹಿಂದಿನ ದಿನವೇ ಹತ್ತಿರದ ಕೊಚ್ಚಿಯಿಂದ ಹೊರಡಲು ಟಿಕೆಟ್ ಮಾಡಿಸಿದ್ದೆ. ಆದರೆ ನನ್ನಂಥ ಕೇಂದ್ರ ಸರ್ಕಾರದ ನೌಕರರು ದೇಶ ಬಿಡುವ ಮೊದಲು ಲಿಖಿತ ಅನುಮತಿಯ ಆದೇಶ ಪಡೆಯಬೇಕು. ನನ್ನ ಕಡತ ಮೇಲಧಿಕಾರಿಯ ಮೇಜಿನ ಮೇಲಿತ್ತು. ಅವರು ಸಭೆಗೆ ಹೋಗಿದ್ದರು. ಫೋನಿನಲ್ಲಿ, "ಹೊರಡಿ ಮೇಡಂ, ನಾನು ಒಪ್ಪಿ ಆಯಿತಲ್ಲ. ಸಂಜೆ ಸಹಿ ಹಾಕಿ ಮೊಬೈಲಿಗೆ ಕಳಿಸುತ್ತೇನೆ," ಎಂದರು. ಬೇರೆ ಯಾರೇ ಆಗಿದ್ದರೂ ಹೊರಡುತ್ತಿದ್ದರು. ನಾನು ಕುಳಿತೆ. ಕಾಗದ ಕೈಗೆ ಬಂದಾಗ ಸಂಜೆಯಾಗಿತ್ತು, ಕೊಚ್ಚಿಯ ವಿಮಾನ ಹೋಗಿತ್ತು. ಇನ್ನು ಸಮಯಕ್ಕೆ ತಲುಪಿಸಬಲ್ಲ ವಿಮಾನ ಒಂದೇ: ಮರುದಿನ ಮಧ್ಯಾಹ್ನ ಎರಡಕ್ಕೆ, ತಿರುವನಂತಪುರದಿಂದ.

ವಿಷಯ ತಿಳಿಸಿದಾಗ ತಂಗಿ ನಕ್ಕಳು. "ಬರಕ್ಕೂ ಆರ್ಡರ್ ಬೇಕೇನಕ್ಕ ನಿಂಗೆ? ಸರಿ, ಮಗೂಗೆ ಹೇಳ್ತೀನಿ, ದೊಡ್ಡಮ್ಮಂಗೆ ಸಹಿ ಸಿಗ್ಲಿ, ಆಮೇಲೆ ಹುಟ್ಟು ಅಂತ."

ರೈಲಿನಲ್ಲಿ ಜಾಗ ಸಿಗಲಿಲ್ಲ. ಬೆಳಗಿನ ಐದೂವರೆಗೆ ಎರ್ನಾಕುಲಂನ ವೈಟ್ಟಿಲದಲ್ಲಿ ಬಸ್ಸು ಹತ್ತಿದೆ. ಕೊಲ್ಲಂ ಇನ್ನೂ ಮುಂದಿರುವಾಗ, ಹೆದ್ದಾರಿ ಅಗಲಿಸುವ ಕೆಲಸದ ನಡುವೆ ಬಸ್ಸು ನಿಂತಿತು. ನಿಂತೇ ಇತ್ತು. ನನ್ನದು ಕಿಟಕಿಯ ಸೀಟು. ಹೊರಗೆ ಕೈಗೆಟಕುವಷ್ಟು ಹತ್ತಿರದಲ್ಲಿ ಒಂದು ಲಾರಿ, ಒಳಗೆ ಸೀಟುಗಳ ನಡುವಿನ ಓಣಿಯ ತುಂಬ ನಿಂತ ಜನ. ಇಳಿದು ಆಟೋ ಹಿಡಿದರೂ ಅದು ನಿಲ್ಲಬೇಕಾದದ್ದು ಇದೇ ರಸ್ತೆಯಲ್ಲಿ. ಪ್ಲಾಸ್ಟಿಕ್ ಕವರಿನೊಳಗಿನ ಆದೇಶ ಮಡಿಲಲ್ಲಿತ್ತು. ಅದು ಮಡಚಿಹೋಗದಂತೆ ನೋಡಿಕೊಳ್ಳುತ್ತಿದ್ದೆ.

ಎಷ್ಟು ಹೊತ್ತಾಗಬಹುದೆಂದು ನನಗೆ ಬರುವ ಮಲಯಾಳದಲ್ಲಿ ಕಂಡಕ್ಟರನ್ನು ಮೂರನೆಯ ಸಲ ಕೇಳಿದೆ.

"ಚೇಚಿ ಎಲ್ಲಿಗೆ ಹೋಗ್ಬೇಕು?" ಅವನ ಬಾಯಲ್ಲೂ ನಾನು ಅಕ್ಕನೇ.

"ಮಾಲೆಗೆ."

"ಮಾಲೆಗೆ ಬಸ್ಸಿನಲ್ಲಾ?" ಎಂದ. ಸುತ್ತಲಿನವರು ನಕ್ಕರು. ನನ್ನ ಮುಖ ನೋಡಿ ಅವನು ಚಾಲಕನಿಗೆ ಏನೋ ಹೇಳಲು ಮುಂದೆ ಹೋದ. ಚಾಲಕ ಹಾರ್ನ್ ಬಾರಿಸಿದ. ಅವನಿಂದ ಆಗುವಂಥದ್ದು ಅಷ್ಟೇ ಆಗಿತ್ತು.

ವಿಮಾನ ನಿಲ್ದಾಣ ತಲುಪಿದಾಗ ಒಂದೂಮುಕ್ಕಾಲು. ಕೌಂಟರ್ ಮುಚ್ಚಿತ್ತು. ಅಲ್ಲಿದ್ದ ಹುಡುಗಿಯ ಮುಂದೆ ಆದೇಶವನ್ನೇ ಚಾಚಿದೆ. ಅವಳು ಅದನ್ನು ವಿನಯದಿಂದ ಹಿಂದಿರುಗಿಸಿ, "ಇದು ನಮಗೆ ಬೇಡ ಮೇಡಂ," ಎಂದಳು.

ನಾಲ್ಕರ ಹೊತ್ತಿಗೆ ತಂಗಿಯ ಫೋನು ಬಂತು.

"ಕರೀತಿದಾರೆ ಅಕ್ಕ. ಎಲ್ಲಿದೀಯ?"

"ಏರ್‌ಪೋರ್ಟಲ್ಲಿ."

"ಯಾವ ಏರ್‌ಪೋರ್ಟಲ್ಲಿ?"

ಆ ಕಡೆ ಗಾಲಿಗಳ ಸದ್ದು, ಯಾರೋ ಅವಳ ಹೆಸರು ಕೇಳುತ್ತಿದ್ದುದು, ಅವಳು ಇಂಗ್ಲಿಷಿನಲ್ಲಿ ಹೇಳಿದ್ದು, ಎಲ್ಲವೂ ಕೇಳಿಸಿತು.

"ಆಯ್ತು ಬಿಡು," ಎಂದಳು. "ಆರ್ಡರ್ ಜೋಪಾನವಾಗಿಟ್ಕೊ. ನಾಳೆ ಬಾ."