ಕವಳಿಗಿಡದಲ್ಲಿ ಕಾಕಡ

ಮೊನ್ನೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಾಕೆ ಎಲೆಯ ದೊನ್ನೆಯಲ್ಲಿ ಕವಳಿಹಣ್ಣು ಮಾರುತ್ತಿದ್ದಳು. ಒಂದನ್ನು ಬಾಯಿಗಿಟ್ಟೆ, ಅದರ ಹಾಲು ತುಟಿಗೆ ಅಂಟಿತು. ಈ ಹಣ್ಣು ತಿಂದು ಎಷ್ಟೋ ವರ್ಷವಾಗಿತ್ತು. ಸಿಗದೆ ಅಲ್ಲ, ನಾಚಿಕೆಯಿಂದ.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ರೇಷ್ಮೆಹುಳುವಿನ ಹಿಂದೆ ಬಿದ್ದವನು. ಅಕ್ಕ ಮಾತ್ರ ದಿನಾ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಬಿ.ಎಸ್ಸಿ. ಓದುತ್ತಿದ್ದಳು. ಎಂಬತ್ತರ ದಶಕದ ಕೊನೆಯ ಮಾತು. ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ ತನ್ನಿ ಎಂದಿದ್ದ ಮೇಷ್ಟ್ರು, ಚೆನ್ನಾಗಿ ಮಾಡಿದರೆ ಎಂ.ಎಸ್ಸಿ.ಗೆ ಕಳಿಸುವಂತೆ ಅಪ್ಪನ ಹತ್ತಿರ ತಾವೇ ಬಂದು ಮಾತಾಡುತ್ತೇನೆ ಎಂದೂ ಹೇಳಿದ್ದರಂತೆ. ಅಪ್ಪನೆದುರು ಬಾಯಿ ತೆರೆಯುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕವಳಿ ಹೂವಿಗೆಂದು ಇಬ್ಬರೂ ಬೆಟ್ಟ ಹತ್ತಿದೆವು. ಬಂಡೆಸಂದಿನ ಪೊದೆಯಲ್ಲಿ ಸಣ್ಣ ಬಿಳಿ ಹೂ. ಮುಳ್ಳು ನನ್ನ ಕೈಗೆ, ಹೂ ಅವಳ ಕೈಗೆ. ರೆಂಬೆಯನ್ನು ಹಳೆ ಪೇಪರುಗಳ ನಡುವೆ ಇಟ್ಟು, ಮೇಲೆ ಚಪ್ಪಡಿ ಕಲ್ಲು ಹೇರಿ, ಅವಳು ಗೌರಿಬಿದನೂರಿಗೆ ಚಿಕ್ಕಮ್ಮನ ಬಾಣಂತನಕ್ಕೆ ಹೊರಟಳು.

“ದಿನಾ ಪೇಪರ್ ಬದಲಾಯ್ಸಪ್ಪ. ಇಲ್ದಿದ್ರೆ ಬೂಷ್ಟು ಹಿಡಿಯತ್ತೆ.”

“ನಿನ್ನ ಹೂವಿಗೆ ನಾನೇನು ಆಯಾನಾ?”

“ಹುಳಕ್ಕೆ ಆಗಿದ್ದೀಯಲ್ಲ, ಇದಕ್ಕೂ ಆಗು.”

ಮರಿಹುಳುಗಳ ತಟ್ಟೆ ಬದಲಾಯಿಸುವ ದಿನ ಹಾಸಲು ಪೇಪರ್ ಸಾಲಲಿಲ್ಲ. ಹಸಿ ಪೇಪರ್ ಹಾಸಿದರೆ ಹುಳುವಿಗೆ ರೋಗ; ಹುಳು ಸಾಕುವವನ ಕಣ್ಣಿಗೆ ಒಣಗಿದ ಪೇಪರ್ ಅಂದರೆ ಹುಳುವಿನ ಹಾಸಿಗೆ, ಬೇರೇನೂ ಅಲ್ಲ. ಕಲ್ಲೆತ್ತಿ, ಪೇಪರ್ ಒದರಿ ಹಾಸಿಬಿಟ್ಟೆ. ರೆಂಬೆ ಉಳಿಯಿತು, ಹೂವೆಲ್ಲ ಉದುರಿ ಕಸದ ಜೊತೆ ತಿಪ್ಪೆ ಸೇರಿತು. ಮತ್ತೆ ಬೆಟ್ಟ ಹತ್ತಬಹುದಿತ್ತು. ಹತ್ತಲಿಲ್ಲ. ಹಿತ್ತಲಿನ ಕಾಕಡ ಹೂ ಒಣಗಿಸಿ, ಗೋಂದು ಹಚ್ಚಿ ರೆಂಬೆಗೆ ಕೂರಿಸಿ, ಹಾಳೆಗೂ ನಾನೇ ಅಂಟಿಸಿದೆ. ಒಣಗಿದ ಮೇಲೆ ಯಾವ ಬಿಳಿ ಹೂವಾದರೇನು, ಎಲ್ಲ ಕಂದು ಬಣ್ಣವೇ ಎಂದು ನನ್ನ ಲೆಕ್ಕ. ಒಪ್ಪಿಸುವ ಹಿಂದಿನ ಸಂಜೆ ಬಂದಿಳಿದ ಅಕ್ಕ, “ಪರ್ವಾಗಿಲ್ಲ ಕಣೋ, ಕೈ ಪಳಗಿದೆ” ಎಂದು ಹಾಳೆಯ ಕೆಳಗೆ ಗಿಡದ ಹೆಸರು ಬರೆದಳು, ಅಷ್ಟೇ. ಹೂವನ್ನು ಹತ್ತಿರದಿಂದ ನೋಡುವಷ್ಟು ಹೊತ್ತಿರಲಿಲ್ಲ.

ಮರುದಿನ ಮೇಷ್ಟ್ರು ಹೂವನ್ನು ಸೂಜಿಯಿಂದ ಕೆದಕಿ, “ಏನಮ್ಮ, ನಿಮ್ಮೂರಲ್ಲಿ ಕವಳಿಗಿಡದಲ್ಲಿ ಕಾಕಡ ಬಿಡುತ್ತಾ?” ಅಂದರಂತೆ. ಕ್ಲಾಸೆಲ್ಲ ನಕ್ಕಿತಂತೆ. ಅಕ್ಕ ಮನೆಗೆ ಬಂದು ಕೇಳಿದಾಗ, “ನೀನು ಹಸಿ ಪೇಪರಲ್ಲಿ ಒತ್ತಿದ್ದೆ, ಬೂಷ್ಟು ಹಿಡಿದಿತ್ತು. ಬೇಜಾರ್ ಮಾಡ್ಕೋತೀಯ ಅಂತ ಹಿಂಗೆ ಮಾಡ್ದೆ” ಎಂದೆ. ಅವಳು ನಂಬಿದಳು. ಮೇಷ್ಟ್ರು ಅಪ್ಪನನ್ನು ನೋಡಲು ಬರಲಿಲ್ಲ. ಅಪ್ಪ ಅಕ್ಕನನ್ನು ಚಿಂತಾಮಣಿಗೆ ಮದುವೆ ಮಾಡಿ ಕೊಟ್ಟರು. ಹಪ್ಪಳ ಒಣಗದಿದ್ದರೂ, ಉಪ್ಪಿನಕಾಯಿ ಕೆಟ್ಟರೂ, “ನನ್ನ ಕೈಗುಣನೇ ಅಷ್ಟು” ಅನ್ನುವುದು ಅವಳಿಗೆ ಅಭ್ಯಾಸವಾಯಿತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಮೊನ್ನೆ ಉಳಿದ ಹಣ್ಣು ಹಿಡಿದು ಚಿಂತಾಮಣಿ ಬಸ್ ಹತ್ತಿದೆ. ಅವಳ ಅಡುಗೆಮನೆಯಲ್ಲಿ ಕೂತು ಎಲ್ಲ ಹೇಳಿದೆ. ಅವಳು ಹಣ್ಣಿನ ತೊಟ್ಟು ಬಿಡಿಸುತ್ತಲೇ ಇದ್ದಳು.

“ಆ ಸಲ ಹುಳ ಹೆಂಗೆ ಬಂದ್ವು?”

“ಚೆನ್ನಾಗೇ ಬಂದ್ವು ಅಕ್ಕ. ಒಂದಕ್ಕೂ ರೋಗ ಬರಲಿಲ್ಲ.”

ಬೈಯುತ್ತಾಳೆಂದು ಕಾದೆ. ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

“ಹಂಗಾದ್ರೆ ನಾನು ಸರಿಯಾಗೇ ಒತ್ತಿದ್ದೆ,” ಅಂದಳು.